ಕ್ಯಾಮೆರಾ ಪ್ರಶ್ನೋತ್ತರ: ಲೆನ್ಸ್ ಕೊಳ್ಳುವ ಮೊದಲು ದೂರ ಅಳೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟೆಲಿ ಲೆನ್ಸಿನ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸಿನ ಬಗ್ಗೆಯೇ ಇವೆ. ತುಮಕೂರಿನ ನಮ್ಮ ಸ್ಟುಡಿಯೊಗೆ ಲೆನ್ಸ್ ಕ್ಲೀನ್ ಮಾಡಿಸಲು ಬರುವವರೂ ಹೋಗುವ ಮುನ್ನ ಇದೇ ಮಾತೆತ್ತುತ್ತಾರೆ: ಕಡಿಮೆ ದುಡ್ಡಿನಲ್ಲಿ ಕಾಡುಪ್ರಾಣಿ, ಹಕ್ಕಿ ತೆಗೆಯಲು ಯಾವ ಲೆನ್ಸ್ ಒಳ್ಳೆಯದು? ಹಾಗಾಗಿ ಮದುವೆ ಫೋಟೊ, ಲೈಟಿಂಗ್ ಬಗೆಗಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮಧುಗಿರಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನನ್ನಲ್ಲಿ ಕ್ಯಾನನ್ 1500ಡಿ, ಅದರ ಜೊತೆ ಬಂದ 18-55 ಲೆನ್ಸ್ ಇದೆ. ಮೈದನಹಳ್ಳಿಯ ಕೃಷ್ಣಮೃಗ, ನಮ್ಮ ತೋಟಕ್ಕೆ ಬರುವ ಹಕ್ಕಿಗಳ ಫೋಟೊ ತೆಗೆದು ತರಗತಿಯಲ್ಲಿ ತೋರಿಸುವ ಆಸೆ. ಕೂಡಿಟ್ಟಿರುವುದು 40,000 ರೂಪಾಯಿ. 150-600 ಇಲ್ಲದಿದ್ದರೆ ವನ್ಯಜೀವಿ ಫೋಟೊ ಆಗುವುದೇ ಇಲ್ಲ, ಸಾಲ ಮಾಡಿಯಾದರೂ ಅದನ್ನೇ ತಗೊಳ್ಳಿ ಎಂದು ಗೆಳೆಯರು ಒತ್ತಾಯ ಮಾಡುತ್ತಿದ್ದಾರೆ. 55-250 ಸಾಕೇ, 70-300 ವಾಸಿಯೇ, ಇಲ್ಲ ಗೆಳೆಯರ ಮಾತೇ ಸರಿಯೇ?

ಉತ್ತರ: ಮೇಷ್ಟ್ರೇ, ಸಾಲ ಬೇಡ. ಗೆಳೆಯರ ಮಾತು ಪೂರಾ ತಪ್ಪಲ್ಲ, ಆದರೆ ನಿಮ್ಮ ಕೆಲಸಕ್ಕೆ ಹೊಂದುವ ಮಾತಲ್ಲ. ಯಾಕೆಂದು ಲೆಕ್ಕ ಹಾಕಿಯೇ ನೋಡೋಣ.

ಪ್ರಾಣಿಯ ಎತ್ತರವನ್ನು ಲೆನ್ಸಿನ ಮೇಲೆ ಬರೆದಿರುವ 250, 600 ಮೊದಲಾದ ಸಂಖ್ಯೆ, ಅಂದರೆ ಫೋಕಲ್ ಲೆಂತ್‌ನಿಂದ ಗುಣಿಸಿ, ಅದು ನಿಂತಿರುವ ದೂರದಿಂದ ಭಾಗಿಸಿ. ಎಲ್ಲವೂ ಮಿಲಿಮೀಟರಿನಲ್ಲಿರಲಿ. ಬಂದ ಉತ್ತರವೇ ಸೆನ್ಸರಿನ (ಬೆಳಕನ್ನು ಚಿತ್ರವಾಗಿಸುವ, ಕ್ಯಾಮೆರಾದೊಳಗಿನ ಚಿಪ್ಪಿನ) ಮೇಲೆ ಬೀಳುವ ಬಿಂಬದ ಎತ್ತರ. ಗಂಡು ಕೃಷ್ಣಮೃಗದ ಭುಜದ ಎತ್ತರ ಹೆಚ್ಚುಕಡಿಮೆ 80 ಸೆಂಟಿಮೀಟರ್. ಅದು 100 ಮೀಟರ್ ದೂರದಲ್ಲಿ ಮೇಯುತ್ತಿದೆ ಎಂದಿಟ್ಟುಕೊಳ್ಳಿ. 250ರಲ್ಲಿ ಬಿಂಬ 2 ಮಿಲಿಮೀಟರ್, 300ರಲ್ಲಿ 2.4, 400ರಲ್ಲಿ 3.2, 600ರಲ್ಲಿ 4.8. ನಿಮ್ಮ 1500ಡಿಯ ಸೆನ್ಸರ್ ಸುಮಾರು 15 ಮಿಲಿಮೀಟರ್ ಎತ್ತರ, ಅದರಲ್ಲಿ 4000 ಸಾಲು ಪಿಕ್ಸೆಲ್. ಅಂದರೆ 250ರಲ್ಲಿ ಪ್ರಾಣಿಗೆ ಸಿಗುವುದು 530ರಷ್ಟು ಸಾಲು, 600ರಲ್ಲಿ 1280ರಷ್ಟು.

ಈಗ ನಿಮ್ಮ ತರಗತಿಯ ಪ್ರೊಜೆಕ್ಟರಿಗೆ ಬನ್ನಿ. ಫುಲ್ ಎಚ್‌ಡಿ ಪ್ರೊಜೆಕ್ಟರ್ ತೋರಿಸುವುದು 1080 ಸಾಲು ಮಾತ್ರ. ಕ್ರಾಪ್ ಮಾಡಿದರೆ 250ರಲ್ಲಿ ತೆಗೆದ ಜಿಂಕೆಯೂ ಪರದೆಯ ಅರ್ಧ ಎತ್ತರ ತುಂಬುತ್ತದೆ. ಕೊಂಬಿನ ಸುರುಳಿ, ಕಣ್ಣ ಸುತ್ತಲಿನ ಬಿಳಿ ಬಳೆ ಮಕ್ಕಳಿಗೆ ಚೆನ್ನಾಗಿಯೇ ಕಾಣುತ್ತದೆ. ಗೋಡೆಗೆ ದೊಡ್ಡ ಪ್ರಿಂಟ್ ಹಾಕಿಸಬೇಕು, ಸ್ಪರ್ಧೆಗೆ ಕಳಿಸಬೇಕು ಅನ್ನುವವರ ಕಥೆ ಬೇರೆ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಜಿಂಕೆ ತಾನಾಗಿ 100 ಮೀಟರಿನಿಂದ 80 ಮೀಟರಿಗೆ ಬಂದರೆ 250ರಲ್ಲೇ ಬಿಂಬ 2.5 ಮಿಲಿಮೀಟರ್ ಆಗುತ್ತದೆ. 100 ಮೀಟರಿನಲ್ಲಿ 300 ಲೆನ್ಸ್ ಕೊಡುವುದಕ್ಕಿಂತ ಇದು ದೊಡ್ಡದು. 250ಕ್ಕೂ 300ಕ್ಕೂ ಇರುವ ವ್ಯತ್ಯಾಸ ಅಷ್ಟೇ, ಇಪ್ಪತ್ತು ಮೀಟರ್. ‘ತಾನಾಗಿ’ ಅಂದದ್ದನ್ನು ಗಮನಿಸಿ. ಲೆನ್ಸಿನ ಕೊರತೆಯನ್ನು ಕಾಲಿನಿಂದ ತುಂಬಿಸಲು ಹೋಗಿ ಹಿಂಡನ್ನು ಅಟ್ಟಾಡಿಸುವವರನ್ನು ಮೈದನಹಳ್ಳಿಯಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. 2007ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಅಲ್ಲಿಯ ಜಯಮಂಗಲಿ ಹುಲ್ಲುಗಾವಲು ಬರೀ 798 ಎಕರೆ. ಸುತ್ತಲೂ ಹೊಲ. ಬೆದರಿದ ಹಿಂಡು ಓಡಿದರೆ ಎಲ್ಲಿಗೆ ಓಡಬೇಕು? ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಕಾವಲಿನವರು ತೋರಿಸಿದ ದಾರಿಯಲ್ಲೇ ಹೋಗಿ, ಒಂದು ಕಡೆ ಕೂತುಬಿಡಿ. ನಿಂತ ಮನುಷ್ಯನಿಗಿಂತ ಕೂತ ಮನುಷ್ಯನನ್ನು ಅವು ಬೇಗ ಮರೆಯುತ್ತವೆ. ಮೇಯುತ್ತಾ ಮೇಯುತ್ತಾ ಹತ್ತಿರ ಬಂದರೆ ನಿಮ್ಮ ಅದೃಷ್ಟ, ಬರದಿದ್ದರೆ ಹುಲ್ಲುಗಾವಲನ್ನೂ ಸೇರಿಸಿ ಅಗಲವಾಗಿ ತೆಗೆಯಿರಿ. ಮಕ್ಕಳಿಗೆ ಪ್ರಾಣಿಯ ಜೊತೆ ಅದರ ನೆಲವೂ ಕಾಣಬೇಕಲ್ಲವೇ.

600 ಲೆನ್ಸಿಗೂ ದಾಟಲಾಗದ ಒಂದು ಗೋಡೆ ಆ ಬಯಲಿನಲ್ಲಿದೆ: ಬಿಸಿಲಿನ ಝಳ. ಬೆಳಿಗ್ಗೆ ಒಂಬತ್ತು ದಾಟಿ ನೆಲ ಕಾಯತೊಡಗಿದರೆ, ವ್ಯೂಫೈಂಡರಿನಲ್ಲಿ ಜಿಂಕೆಯ ಕಾಲುಗಳು ಕಾದ ಎಣ್ಣೆಯ ಮೇಲಿಂದ ಕಂಡ ಹಾಗೆ ನಡುಗುತ್ತವೆ. ನಡುವಿನ ಗಾಳಿಯೇ ಕಲಕಿರುವಾಗ ಎಂಥ ಲೆನ್ಸಾದರೂ ಆ ಕಲಕನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಎಷ್ಟೋ ಜನ ‘ನನ್ನ 150-600 ಶಾರ್ಪ್ ಇಲ್ಲ, ಸರಿ ಮಾಡಿಕೊಡಿ’ ಎಂದು ಸ್ಟುಡಿಯೊಗೆ ತರುತ್ತಾರೆ. ಫೋಟೊ ತೆಗೆದ ಹೊತ್ತು ನೋಡಿದರೆ ಹನ್ನೊಂದು ಗಂಟೆ, ದೂರ ಇನ್ನೂರು ಮೀಟರ್. ಲೆನ್ಸಿಗೆ ಏನೂ ಆಗಿರುವುದಿಲ್ಲ.

ಈಗ ಯಾವುದು ಅನ್ನುವುದಕ್ಕೆ ಬರುತ್ತೇನೆ. ನಿಮಗೆ ನಾನು ಹೇಳುವುದು ಕ್ಯಾನನ್ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ, ಸೆಕೆಂಡ್ ಹ್ಯಾಂಡ್. 2013ರಲ್ಲಿ ಬಂದದ್ದು, ತೂಕ 375 ಗ್ರಾಂ, 85 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ತೋಟದ ಚಿಟ್ಟೆಗೂ ಆಯಿತು, ಕಳ್ಳಿಪೀರಕ್ಕೂ ಆಯಿತು. ಹೆಸರಿನ ಕೊನೆಯಲ್ಲಿ ಎಸ್‌ಟಿಎಂ ಇದೆಯೇ ನೋಡಿಯೇ ತಗೊಳ್ಳಿ. ಅದಕ್ಕಿಂತ ಹಳೆಯ 55-250ಗಳು ಫೋಕಸಿನಲ್ಲಿ ನಿಧಾನ, ಸದ್ದೂ ಹೆಚ್ಚು. 75-300 ಎಂಬ ಕ್ಯಾನನ್ ಲೆನ್ಸನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಕೈಮುಗಿದು ಬಂದುಬಿಡಿ. ಈಗ ಮಾರುಕಟ್ಟೆಯಲ್ಲಿ ಓಡಾಡುವ ಆ ಮಾದರಿಯಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಜರ್ ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗೆ.

ಹಾರುವ ಹಕ್ಕಿ ಹಿಡಿಯಬೇಕೆಂಬ ಆಸೆ ಜೋರಾಗಿದ್ದರೆ ಇಎಫ್ 70-300 ಐಎಸ್ ಎರಡನೆಯ ಮಾದರಿ ನೋಡಿ, 2016ರದ್ದು. 710 ಗ್ರಾಂ ತೂಗುತ್ತದೆ, ಫೋಕಸ್ ಮಾತ್ರ ಚುರುಕು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನಿಮ್ಮ ದುಡ್ಡಿನೊಳಗೇ ಬರುತ್ತದೆ. ಆದರೆ 1500ಡಿಯಲ್ಲಿ ಒಂಬತ್ತೇ ಫೋಕಸ್ ಪಾಯಿಂಟ್, ನಡುವಿನದು ಒಂದೇ ಕ್ರಾಸ್ ಟೈಪ್ (ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುವಂಥದ್ದು), ಸೆಕೆಂಡಿಗೆ ಮೂರೇ ಫ್ರೇಮ್. ಲೆನ್ಸ್ ಎಷ್ಟೇ ಚುರುಕಾದರೂ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಅಷ್ಟಕ್ಕೇ ನಿಲ್ಲುತ್ತದೆ. ಅದಕ್ಕೇ ನನ್ನ ಮತ 55-250 ಕಡೆಗೆ. ನಡುವಿನ ಪಾಯಿಂಟ್ ಒಂದನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿ.

ಉಳಿದ ದುಡ್ಡಿನಲ್ಲಿ ಏನು ಮಾಡುವುದು? 150-600ನ್ನು ಕೊಳ್ಳುವ ಬದಲು ಬೆಂಗಳೂರಿನಲ್ಲಿ ಒಂದು ಶನಿವಾರ-ಭಾನುವಾರಕ್ಕೆ ಬಾಡಿಗೆಗೆ ತನ್ನಿ. ಗುರುತಿನ ಚೀಟಿ, ಡೆಪಾಸಿಟ್ ಕೇಳುತ್ತಾರೆ, ಕೊಡಿ. ಸಿಗ್ಮಾ 150-600 ಕಂಟೆಂಪರರಿ 1930 ಗ್ರಾಂ, ಟ್ಯಾಮ್ರಾನ್ 150-600 ಜಿ2 ಎರಡು ಕಿಲೋ, ಮೇಲೆ ಬಾಡಿ. ಹೆಗಲಿಗೆ ಹಾಕಿಕೊಂಡು ಒಂದು ಬೆಳಿಗ್ಗೆ ಓಡಾಡಿದರೆ ನಿಮಗೆ ಅದು ಬೇಕೋ ಬೇಡವೋ ಎಂಬುದಕ್ಕೆ ನನ್ನ ಉತ್ತರಕ್ಕಿಂತ ನಿಜವಾದ ಉತ್ತರ ಸಿಗುತ್ತದೆ. ಅದರ 600ರ ತುದಿಯಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 6.3; ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಕೈಯಲ್ಲಿ ಹಿಡಿದು ತೆಗೆಯುವವರು ಫೋಕಲ್ ಲೆಂತ್ ಅನ್ನು ನಿಮ್ಮ ಬಾಡಿಯ ಕ್ರಾಪ್ (ಫುಲ್ ಫ್ರೇಮ್ ಸೆನ್ಸರಿಗಿಂತ ಅದರ ಸೆನ್ಸರ್ ಎಷ್ಟು ಪಟ್ಟು ಚಿಕ್ಕದೆಂಬ ಅಂಕಿ) 1.6ರಿಂದ ಗುಣಿಸಿ, ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ಶಟರ್ ನಿಧಾನವಾಗದಂತೆ ನೋಡಿಕೊಳ್ಳಬೇಕೆಂಬ ಹಳೆಯ ನಿಯಮ ಇದೆಯಲ್ಲ, ಅದರಂತೆ 600ಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಬೇಕು, 250ಕ್ಕೆ ನಾನೂರರಲ್ಲಿ ಒಂದು. ಸ್ಟೆಬಿಲೈಜರ್ ಇದ್ದರೆ ಇನ್ನೂ ನಿಧಾನಕ್ಕೆ ಇಳಿಯಬಹುದು ನಿಜ, ಆದರೆ ಅದು ತಡೆಯುವುದು ನಿಮ್ಮ ಕೈ ನಡುಕವನ್ನು ಮಾತ್ರ, ಜಿಂಕೆ ತಲೆ ಎತ್ತುವುದನ್ನಲ್ಲ. ಸೂರ್ಯ ಏಳುವ ಹೊತ್ತಿನಲ್ಲಿ ಎಫ್ 6.3ರಲ್ಲಿ ಅಂಥ ಶಟರ್ ಬೇಕೆಂದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) ಮೇಲೇರುತ್ತದೆ, 1500ಡಿಯಲ್ಲಿ ಕಾಳು ಕಾಳಾಗಿ ಕಾಣತೊಡಗುತ್ತದೆ.

ಲೆನ್ಸ್ ಅಲುಗದಂತೆ ಇಡಲು ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಒಂದನ್ನು ನೀವೇ ಮಾಡಿಕೊಳ್ಳಿ. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನವರೆಗೆ ಕತ್ತರಿಸಿ, ಟೈಲರ್ ಹತ್ತಿರ ಒಂದು ಕಡೆ ಹೊಲಿಸಿ, ಇನ್ನೊಂದು ಕಡೆ ಜಿಪ್ ಹಾಕಿಸಿ. ಒಳಗೆ ರಾಗಿ ತುಂಬಿ. ಮುಕ್ಕಾಲು ಭಾಗ ಸಾಕು, ಪೂರ್ತಿ ತುಂಬಿದರೆ ಲೆನ್ಸ್ ಕೂರುವುದಿಲ್ಲ. ಕಾರಿನ ಕಿಟಕಿ, ಬಂಡೆ, ತೋಟದ ಬೇಲಿಗಲ್ಲು, ಎಲ್ಲಿಟ್ಟರೂ ಲೆನ್ಸ್ ಅದರಲ್ಲಿ ಹೂತುಕೊಂಡು ಅಲುಗದೆ ನಿಲ್ಲುತ್ತದೆ. ಹುರುಳಿಯೂ ಆಗುತ್ತದೆ, ಆದರೆ ರಾಗಿ ಕಾಳು ಸಣ್ಣದಿರುವುದರಿಂದ ಹೆಚ್ಚು ಒತ್ತಾಗಿ ಕೂರುತ್ತದೆ. ಅಂಗಡಿಯ ಟ್ರೈಪಾಡಿಗೆ ಕೊಡುವ ದುಡ್ಡು ಉಳಿಯಿತು.

ಪ್ರಶ್ನೆ: ಶಿರಾದವನು ನಾನು, ಮೇಡಂ. ಪರಿಚಯದವರೊಬ್ಬರು ಟ್ಯಾಮ್ರಾನ್ 150-600 ಮೊದಲನೆಯ ಮಾದರಿ ಮಾರುತ್ತಿದ್ದಾರೆ, ಬೆಲೆ ಹೊಸದರ ಅರ್ಧಕ್ಕೂ ಕಡಿಮೆ. ಮೊಬೈಲ್ ಟಾರ್ಚ್ ಹಾಕಿ ನೋಡಿದಾಗ ಒಳಗೆ ಬಿಳಿ ಎಳೆ ಎಳೆಯಾಗಿ ಏನೋ ಕಂಡಿತು. ‘ಅದು ಧೂಳು, ಫೋಟೊದಲ್ಲಿ ಬರಲ್ಲ’ ಅನ್ನುತ್ತಾರೆ. ಕಗ್ಗಲಡುವಿನ ಕೊಕ್ಕರೆಗಳನ್ನು ತೆಗೆಯಬೇಕು. ತಗೊಳ್ಳಲೇ?

ಉತ್ತರ: ಬೇಡ. ಎಳೆ ಎಳೆಯಾಗಿ ಕಂಡಿದ್ದರೆ ಅದು ಫಂಗಸ್ ಆಗಿರುವ ಸಾಧ್ಯತೆಯೇ ಹೆಚ್ಚು.

ಧೂಳು ಚುಕ್ಕಿ ಚುಕ್ಕಿಯಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿರುತ್ತದೆ. ಅಷ್ಟಿಷ್ಟು ಧೂಳು ಎಲ್ಲ ದೊಡ್ಡ ಜೂಮಿನಲ್ಲೂ ಇರುತ್ತದೆ, ಹೆದರಬೇಕಿಲ್ಲ. ಫಂಗಸ್ ಹಾಗಲ್ಲ. ಒಂದು ಬಿಂದುವಿನಿಂದ ಹೊರಟು ಕವಲೊಡೆಯುತ್ತಾ ಹೋಗುತ್ತದೆ, ಹೆಚ್ಚಾಗಿ ಗಾಜಿನ ಅಂಚಿನಿಂದ ನಡುವಿನ ಕಡೆಗೆ. ಆ ಎಳೆಗಳು ಹೊರಸೂಸುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿನ್ನುತ್ತದೆ. ಬೇಗ ಸಿಕ್ಕರೆ ಬಿಚ್ಚಿ ಒರೆಸಬಹುದು. ತಡವಾದರೆ ಎಳೆ ಒರೆಸಿ ತೆಗೆದ ಮೇಲೂ ಅದರ ಗೀರು ಗಾಜಿನಲ್ಲಿ ಉಳಿಯುತ್ತದೆ. ನನ್ನ ಮೇಜಿನ ಮೇಲೆ ಈಗಲೂ ಅಂಥ ಒಂದು ಗಾಜು ಇದೆ, ಓರೆಯಾಗಿ ಬೆಳಕಿಗೆ ಹಿಡಿದರೆ ಕೋಟಿಂಗಿನ ನೇರಳೆ ಹೊಳಪಿನ ನಡುವೆ ಬೇರಿನ ಹಾಗೆ ಬಣ್ಣ ಹೋದ ಗೆರೆಗಳು ಕಾಣುತ್ತವೆ. ಬಿಸಿಲಿಗೆ ಎದುರಾಗಿ ತೆಗೆದಾಗ ಚಿತ್ರ ಮಂಕಾಗುವುದು ಇದರಿಂದಲೇ. ಒಂದು ಜೂಮಿನಲ್ಲಿ ಹದಿನೈದು ಇಪ್ಪತ್ತು ಗಾಜುಗಳಿರುತ್ತವೆ. ಯಾವುದರ ಮೇಲಿದೆ ಎಂದು ಬಿಚ್ಚದೆ ಹೇಳಲಾಗದು, ಬಿಚ್ಚಿದರೆ ಮತ್ತೆ ಅದೇ ಹೊಂದಿಕೆಗೆ ಕೂರಿಸುವುದು ಸುಲಭದ ಕೆಲಸವಲ್ಲ. ಅರ್ಧ ಬೆಲೆಯ ಲಾಭ ಅಲ್ಲೇ ಕರಗುತ್ತದೆ.

ಮುಂದೆ ಬೇರೆ ಲೆನ್ಸ್ ನೋಡುವಾಗ ಹೀಗೆ ಮಾಡಿ. ಮುಂದಿನ, ಹಿಂದಿನ ಎರಡೂ ಮುಚ್ಚಳ ತೆಗೆದು ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ನೋಡಿ, ಜೂಮನ್ನು 150ರಿಂದ 600ಕ್ಕೆ ಎಳೆಯುತ್ತಾ ನೋಡಿ. ಜೂಮ್ ಎಳೆಯುವಾಗ ಎಲ್ಲಾದರೂ ಕಚ್ಚಿದ ಹಾಗೆ ಆದರೆ ಹಿಂದೆ ಬಿದ್ದಿರಬಹುದು. ಲೆನ್ಸ್ ಬಾಡಿಗೆ ಕೂರುವ ಭಾಗದ, ಅಂದರೆ ಮೌಂಟಿನ ಸ್ಕ್ರೂ ತಲೆಗಳನ್ನು ನೋಡಿ. ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ನಿಮ್ಮದೇ ಬಾಡಿಗೆ ಹಾಕಿ ತೆಗೆಯಿರಿ, ಅವರ ಬಾಡಿಯಲ್ಲಿ ನೋಡಿ ಒಪ್ಪಬೇಡಿ, ಯಾಕೆಂದರೆ ಬೇರೆ ಕಂಪನಿಯ ಲೆನ್ಸುಗಳು ಕೆಲವು ಬಾಡಿಗಳ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಯೊಂದನ್ನು 600ರಲ್ಲಿ, ಬೀನ್ ಬ್ಯಾಗ್ ಮೇಲಿಟ್ಟು, ಎಫ್ 6.3ರಲ್ಲೂ ಎಫ್ 8ರಲ್ಲೂ ತೆಗೆದು ಎಡ ಅಂಚು ಬಲ ಅಂಚು ಹೋಲಿಸಿ. ಒಂದು ಬದಿ ಓದಲು ಬಂದು ಇನ್ನೊಂದು ಬದಿ ಬರದಿದ್ದರೆ, ಕ್ಯಾಮೆರಾ ಗೋಡೆಗೆ ನೇರವಾಗಿತ್ತೇ ಎಂದು ಇನ್ನೊಮ್ಮೆ ಸರಿಮಾಡಿಕೊಂಡು ತೆಗೆಯಿರಿ. ಆಗಲೂ ಹಾಗೇ ಬಂದರೆ ಒಳಗಿನ ಗಾಜು ಜಾಗ ತಪ್ಪಿದೆ. ಎಫ್ 8ರಲ್ಲಿ ಸ್ವಲ್ಪ ಹೆಚ್ಚು ಶಾರ್ಪ್ ಆಗುವುದು ಈ ಲೆನ್ಸುಗಳ ಸ್ವಭಾವ, ಅದು ದೋಷವಲ್ಲ. ಮೂಲ ಬಿಲ್ ಕೇಳಿ, ಬಿಲ್ಲಿನ ಸೀರಿಯಲ್ ನಂಬರಿಗೂ ಲೆನ್ಸಿನ ನಂಬರಿಗೂ ತಾಳೆ ಹಾಕಿ. ಪರಿಚಯದವರಾದರೆ ಸಂಕೋಚ ಬೇಡ, ಒಳ್ಳೆಯ ಲೆನ್ಸ್ ಇರುವವರು ತೋರಿಸಲು ಹಿಂದೆಮುಂದೆ ನೋಡುವುದಿಲ್ಲ.

ಕಗ್ಗಲಡುವಿಗಂತೂ 600 ಅನಗತ್ಯ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮನೆಮಕ್ಕಳಂತೆ ಕಾಯ್ದುಕೊಂಡು ಬಂದಿದ್ದಾರೆ. ಒಂದು ಮೀಟರಿನಷ್ಟು ಎತ್ತರದ ಹಕ್ಕಿ 30 ಮೀಟರ್ ದೂರದ ಮರದಲ್ಲಿದ್ದರೆ 250ರಲ್ಲೇ ಬಿಂಬ 8 ಮಿಲಿಮೀಟರ್, ಅಂದರೆ ಫ್ರೇಮಿನ ಅರ್ಧಕ್ಕಿಂತ ಹೆಚ್ಚು. ಮರದ ಬುಡಕ್ಕೆ ಹೋಗಿ ಚಪ್ಪಾಳೆ ತಟ್ಟಿ ಹಾರಿಸುವವರ ಜೊತೆ ಮಾತ್ರ ಹೋಗಬೇಡಿ. ತಾಯಿ ಎದ್ದರೆ ಮೊಟ್ಟೆಯ ಮೇಲೆ ಬಿಸಿಲು ಬೀಳುತ್ತದೆ, ಕಾಗೆ ಹದ್ದಿಗೆ ಅಷ್ಟೇ ಹೊತ್ತು ಸಾಕು.

ಪ್ರಶ್ನೆ: ಕೋಲಾರದ ನರಸಾಪುರದಿಂದ ಬರೆಯುತ್ತಿದ್ದೇನೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಬಂದ ಮೇಲೆ ನಮ್ಮ ಕಡೆಯ ಕೆರೆಗಳಲ್ಲಿ ಬಾತು, ಕೊಕ್ಕರೆ ತುಂಬಿವೆ. ನಿಕಾನ್ ಡಿ5600 ಮತ್ತು ಎಎಫ್-ಪಿ 70-300 ವಿಆರ್ ಲೆನ್ಸ್ ಇದೆ. ಬಾತುಗಳು ನೂರೈವತ್ತು ಮೀಟರ್ ಆಚೆಗೇ ಇರುತ್ತವೆ. ಎರಡು ಪಟ್ಟು ದೊಡ್ಡದು ಮಾಡುವ ಟೆಲಿಕನ್ವರ್ಟರ್ ಹಾಕಿದರೆ ಅಗ್ಗದಲ್ಲಿ 600 ಆಗುವುದಿಲ್ಲವೇ?

ಉತ್ತರ: ಸಂಖ್ಯೆ 600 ಆಗುತ್ತದೆ, ಚಿತ್ರ ಆಗುವುದಿಲ್ಲ. ಎರಡು ಪಟ್ಟಿನ ಕನ್ವರ್ಟರ್ ಬೆಳಕನ್ನು ಎರಡು ಸ್ಟಾಪ್ ತಿನ್ನುತ್ತದೆ, ಒಳಬರುವುದು ಕಾಲುಭಾಗ. ನಿಮ್ಮ ಲೆನ್ಸಿನ ತುದಿಯಲ್ಲಿ ಎಫ್ 6.3 ಇರುವುದು ಎಫ್ 13ರ ಹತ್ತಿರ ಹೋಗುತ್ತದೆ. ಡಿ5600ಕ್ಕೆ ಅಷ್ಟು ಬೆಳಕಿನಲ್ಲಿ ಫೋಕಸ್ ಹಿಡಿಯಲಾಗದೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ಹುಡುಕಾಡುತ್ತಲೇ ಇರುತ್ತದೆ. ನಿಕಾನ್ ತನ್ನ ಕನ್ವರ್ಟರುಗಳನ್ನು ಈ ಲೆನ್ಸಿಗಾಗಿ ಮಾಡಿಯೂ ಇಲ್ಲ.

ಆದರೆ ನಿಮ್ಮ ಸಮಸ್ಯೆ ನಿಜವಾದದ್ದು. ಮಧುಗಿರಿ ಮೇಷ್ಟ್ರಿಗೆ ಬೇಡ ಎಂದದ್ದನ್ನು ನಿಮಗೆ ಬೇಕು ಎನ್ನುತ್ತೇನೆ, ಯಾಕೆಂದರೆ ನೀರಿನ ಮೇಲೆ ನಡೆದು ಹೋಗಲಾಗದು, ಬಾತುಗಳೂ ದಡಕ್ಕೆ ಬರುವುದು ಕಡಿಮೆ. 60 ಸೆಂಟಿಮೀಟರ್ ಉದ್ದದ ಬಾತು 150 ಮೀಟರ್ ದೂರದಲ್ಲಿ 300ರಲ್ಲಿ 1.2 ಮಿಲಿಮೀಟರ್ ಬಿಂಬ ಕೊಡುತ್ತದೆ, 500ರಲ್ಲಿ 2. ದುಡ್ಡು ಕೂಡಿಸಿ ನಿಕಾನ್ 200-500 ಎಫ್ 5.6 ಸೆಕೆಂಡ್ ಹ್ಯಾಂಡ್ ತಗೊಳ್ಳಿ. 2015ರಲ್ಲಿ ಬಂದ ಲೆನ್ಸ್, 500ರ ತುದಿಯಲ್ಲೂ ಎಫ್ 5.6 ಉಳಿಯುತ್ತದೆ, ನಿಮ್ಮ ಬಾಡಿಯಲ್ಲಿ ಪೂರ್ತಿ ಕೆಲಸ ಮಾಡುತ್ತದೆ. ಭಾರ ಮಾತ್ರ ಇದೆ, 2300 ಗ್ರಾಂ. ಹಲವರು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ) ಕ್ಯಾಮೆರಾಗಳಿಗೆ ಹೋಗಿರುವುದರಿಂದ ಇದು ಮಾರಾಟಕ್ಕೆ ಸಿಗುತ್ತಿರುತ್ತದೆ.

ಅಲ್ಲಿಯವರೆಗೆ ಇರುವ 70-300ರಲ್ಲೇ ಬೆಳಿಗ್ಗೆ ಕೆರೆಯ ಪೂರ್ವ ದಡಕ್ಕೆ ಹೋಗಿ, ಸೂರ್ಯ ಬೆನ್ನಿಗಿರಲಿ. ಏರಿಯ ಮೇಲೆ ನಿಲ್ಲಬೇಡಿ. ಏರಿಯ ಮೇಲಿನ ಮನುಷ್ಯ ಆಕಾಶಕ್ಕೆ ಎದುರಾಗಿ ಕಾಣುವುದರಿಂದ ಹಕ್ಕಿಗಳು ನಡುನೀರಿಗೆ ಸರಿಯುತ್ತವೆ. ಕೆಳಗಿಳಿದು ಜೊಂಡಿನ ಬಳಿ, ನೀರಿನ ಮಟ್ಟಕ್ಕೆ ಕೂತರೆ ನೂರೈವತ್ತು ಮೀಟರ್ ಅನ್ನುವುದು ಎಷ್ಟೋ ಕಡಿಮೆಯಾಗುತ್ತದೆ, ಚಿತ್ರದ ಹಿನ್ನೆಲೆಯೂ ಶುಭ್ರ. ದಡದಲ್ಲಿ ಮಿಂಚುಳ್ಳಿ, ಉಲ್ಲಂಕಿ ಸಿಗುತ್ತವೆ. ಅವಕ್ಕೆ 300 ಧಾರಾಳ.

ಪ್ರಶ್ನೆ: ಅಕ್ಕಾ, ನಾನು ಚಿಕ್ಕಬಳ್ಳಾಪುರದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ನಂದಿಬೆಟ್ಟದ ಹಕ್ಕಿಗಳನ್ನು ಗುರುತಿಸಲು ಕಲಿಯುತ್ತಿದ್ದೇನೆ. ಕ್ಯಾಮೆರಾನೇ ಇಲ್ಲ. ಎಲ್ಲಾ ಸೇರಿ 25,000ದೊಳಗೆ ಆಗಬೇಕು. ನಿಕಾನ್ ಪಿ900 ಥರದ್ದು ತಗೊಂಡರೆ 2000 ಮಿ.ಮೀ. ಜೂಮ್ ಸಿಗುತ್ತಂತೆ. ಅದೇ ಒಳ್ಳೇದಲ್ವಾ?

ಉತ್ತರ: ತಂಗಿ, ಗುರುತಿಸುವುದಷ್ಟೇ ಗುರಿಯಾದರೆ ಪಿ900 ಒಳ್ಳೆಯ ಸಂಗಾತಿ. ಹಳೆಯದು ನಿನ್ನ ದುಡ್ಡಿಗೆ ಸಿಕ್ಕರೆ ಕೊಂಡುಕೋ. ಬಿಸಿಲಿನಲ್ಲಿ, ಅಲುಗದೆ ಕೂತ ಹಕ್ಕಿಯ ಕೊಕ್ಕು, ರೆಕ್ಕೆಪಟ್ಟಿ ಎಲ್ಲ ಸ್ಪಷ್ಟವಾಗಿ ದಾಖಲಾಗುತ್ತದೆ. ಆ 2000 ಅನ್ನುವುದು ಲೆನ್ಸಿನ ನಿಜವಾದ ಅಳತೆಯಲ್ಲ, ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಅಷ್ಟು ಸಮೀಪ ಕಾಣಬೇಕಾದರೆ ಬೇಕಾಗುತ್ತಿದ್ದ ಅಳತೆ. ಅದರ ಸೆನ್ಸರ್ ತೀರಾ ಚಿಕ್ಕದು. ಕ್ಯಾನನ್, ನಿಕಾನಿನ ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರಿನ ವಿಸ್ತೀರ್ಣ ಅದರ ಹನ್ನೆರಡು ಪಟ್ಟಿನಷ್ಟು. ನಂದಿಯಲ್ಲಿ ನಿನಗೆ ಎದುರಾಗುವುದು ಬೆಳಗಿನ ಮಂಜು, ದಟ್ಟ ಮರಗಳ ನೆರಳು. ನೀಲಗಿರಿ ಕಾಡುಪಾರಿವಾಳ ಕೂರುವುದೂ ಅಂಥ ಕತ್ತಲೆ ಕೊಂಬೆಗಳಲ್ಲೇ. ಅಲ್ಲಿ ಆ ಚಿಕ್ಕ ಸೆನ್ಸರಿನ ಚಿತ್ರ ಬಣ್ಣ ಕಲಸಿದಂತೆ ಬರುತ್ತದೆ.

ನನ್ನ ಆಯ್ಕೆ ಕೇಳಿದರೆ ಹಳೆಯ ಕ್ಯಾನನ್ 1200ಡಿ ಅಥವಾ 1300ಡಿ ಬಾಡಿ, ಅದಕ್ಕೆ 55-250. ಎರಡೂ ಸೆಕೆಂಡ್ ಹ್ಯಾಂಡ್, ನಿನ್ನ ಲೆಕ್ಕದೊಳಗೆ ಬರುತ್ತದೆ. ಬೆಟ್ಟದ ಪಿಕಳಾರ, ನೊಣಹಿಡುಕಗಳು ಜನರಿಗೆ ಒಗ್ಗಿಕೊಂಡಿರುವುದರಿಂದ ಹತ್ತು ಮೀಟರಿಗೆ ಸಿಗುತ್ತವೆ. 20 ಸೆಂಟಿಮೀಟರ್ ಹಕ್ಕಿ ಅಷ್ಟು ಹತ್ತಿರದಲ್ಲಿ 250ಕ್ಕೆ 5 ಮಿಲಿಮೀಟರ್ ಬಿಂಬ ಕೊಡುತ್ತದೆ. ಹಳದಿ ಕೊರಳಿನ ಪಿಕಳಾರ ನಂದಿಯ ಬಂಡೆಗಳ ನಡುವಿನ ಪೊದೆಗಳಲ್ಲಿದೆ, ನಮ್ಮ ದೇವರಾಯನದುರ್ಗದಲ್ಲೂ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಷ್ಟೇ ಉಳಿದಿರುವ ಹಕ್ಕಿ ಅದು, ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವುದನ್ನು ಯಾರು ಕಲಿಸಿದರೂ ಕಲಿಯಬೇಡ. ಮೊದಲು ಒಂದು ಬೈನಾಕ್ಯುಲರ್ ಸಾಲ ಸಿಕ್ಕರೆ ತಂದಿಟ್ಟುಕೋ, ಎಲ್ಲಿ ಕೂರುತ್ತವೆ, ಯಾವಾಗ ಇಳಿಯುತ್ತವೆ ಎಂದು ತಿಳಿದವರಿಗೆ ಸಣ್ಣ ಲೆನ್ಸೂ ಸಾಲುತ್ತದೆ. ನಮ್ಮ ರಾಜ್ಯದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರು ಫಿಲಂ ಕಾಲದಲ್ಲಿ, ಆಟೊಫೋಕಸ್ ಇಲ್ಲದೆಯೇ ಅಂಥ ಚಿತ್ರಗಳನ್ನು ತೆಗೆದದ್ದು ಹಕ್ಕಿಯ ಚಲನವಲನ ಗೊತ್ತಿದ್ದದ್ದರಿಂದ.

ಪ್ರಶ್ನೆ: ತಿಪಟೂರಿನಿಂದ. ನನ್ನದು ನಿಕಾನ್ ಡಿ3100. ಎಎಫ್-ಪಿ 70-300 ಲೆನ್ಸ್ ತಂದೆ, ಫೋಕಸ್ ಆಗುತ್ತಲೇ ಇಲ್ಲ. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಎಎಫ್-ಪಿ ಲೆನ್ಸುಗಳು ಡಿ3100, ಡಿ3200, ಡಿ5100, ಡಿ90ಯಂಥ ಹಳೆಯ ಬಾಡಿಗಳಲ್ಲಿ ಕೆಲಸ ಮಾಡುವುದಿಲ್ಲ. ಅಂಗಡಿಯವರು ಬದಲಿಸಿ ಕೊಟ್ಟರೆ ಎಎಫ್-ಎಸ್ 55-300 ವಿಆರ್ ಅಥವಾ ಎಎಫ್-ಎಸ್ 70-300 ವಿಆರ್ ತಗೊಳ್ಳಿ. ಬರೀ ‘ಎಎಫ್’ ಎಂದು ಬರೆದ ಹಳೆಯ 70-300ಯೂ ಬೇಡ; ಅದರೊಳಗೆ ಮೋಟಾರಿಲ್ಲ, ನಿಮ್ಮ ಬಾಡಿಯಲ್ಲೂ ಇಲ್ಲ.

ಪ್ರಶ್ನೆ: ನಾಗವಲ್ಲಿ ಹತ್ತಿರ ನಮ್ಮ ತೋಟದಲ್ಲಿ ಕಾಡುಪಾಪ ಇದೆ. ರಾತ್ರಿ ಫೋಟೊ ತೆಗೆಯಲು 300ರ ಲೆನ್ಸಿಗೆ ಎಷ್ಟು ಪವರಿನ ಫ್ಲಾಶ್ ಬೇಕು?

ಉತ್ತರ: ಫ್ಲಾಶ್ ಬೇಡವೇ ಬೇಡ, ಅಣ್ಣ. ಕತ್ತಲಲ್ಲಿ ಬದುಕಲೆಂದೇ ಆದ ಕಣ್ಣುಗಳು ಅವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಅದಿರುವ ಜಾಗದ ಫೋಟೊ ಹರಿದಾಡಿದರೆ ಮಾಟಮಂತ್ರದ ಹೆಸರಿನಲ್ಲಿ ಹಿಡಿಯುವವರು ಬರುತ್ತಾರೆ. ಟಾರ್ಚಿಗೆ ಕೆಂಪು ಸೆಲೋಫೇನ್ ಹಾಳೆ ಕಟ್ಟಿ ದೂರದಿಂದ ಒಂದೆರಡು ನಿಮಿಷ ನೋಡಿ ಬನ್ನಿ. ಬೇಲಿಯ ಮರಗಳ ಕೊಂಬೆ ಒಂದಕ್ಕೊಂದು ಕೂಡಿಕೊಂಡಿದ್ದರೆ ಅದಕ್ಕೆ ಓಡಾಡಲು ದಾರಿ, ಕಡಿಸದೆ ಬಿಡಿ. ಲೆನ್ಸಿನ ದುಡ್ಡು ಉಳಿಯಲಿ.

ಪ್ರಶ್ನೆ: ಪಾವಗಡದ ಧೂಳಿಗೆ 150-600 ಲೆನ್ಸಿನ ಮುಂದೆ ಯುವಿ ಫಿಲ್ಟರ್ ಹಾಕಬೇಕೇ? 95 ಮಿ.ಮೀ. ಫಿಲ್ಟರ್ ಒಂದು ಬಹಳ ಅಗ್ಗಕ್ಕೆ ಸಿಗುತ್ತಿದೆ.

ಉತ್ತರ: ಅಗ್ಗದ ಫಿಲ್ಟರ್ ಹಾಕಿದರೆ 600ರಲ್ಲಿ ಚಿತ್ರ ಮೆತ್ತಗಾಗುತ್ತದೆ. ಲೆನ್ಸ್ ಜೊತೆ ಬಂದ ಹುಡ್ ಯಾವಾಗಲೂ ಹಾಕಿಡಿ, ಧೂಳಿಗೂ ಪೆಟ್ಟಿಗೂ ಅದೇ ಸಾಕು. ಗಾಜಿನ ಮೇಲೆ ಧೂಳು ಕೂತರೆ ಮೊದಲು ರಬ್ಬರ್ ಬ್ಲೋವರಿನಿಂದ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಬೇಕೆನಿಸಿದರೆ ಮಾತ್ರ ಬಟ್ಟೆ. ಅಂಗಿಯ ತುದಿಯಿಂದ ಒರೆಸಬೇಡಿ. ಪಾವಗಡದ ಧೂಳಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಗೀರು ಬೀಳುತ್ತದೆ. ಮನೆಯಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಲೆನ್ಸಿನ ಜೊತೆ ಬಂದ ಬಟ್ಟೆಯ ಚೀಲದಲ್ಲಿ ಬೇಡ. ಜೆಲ್ ಬಣ್ಣ ಬದಲಾಯಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಆ ಬಾಣಲೆಯನ್ನು ಅಡುಗೆಗೆ ಉಪಯೋಗಿಸಬೇಡಿ.